ಬಾಗಿಲು ತೆರೆದ ಉಡುಗೆ

ಹಿಂದಿನವರು ಬಾಳಿ ಬದುಕಿದ ಮನೆಗಳನ್ನು ಕೆಡವದೆ, ವಸ್ತುಸಂಗ್ರಹಾಲಯಗಳನ್ನಾಗಿ ಕಾಪಾಡಿಕೊಂಡು ಬರುವ ಪದ್ಧತಿ ಹಲವು ದೇಶಗಳಲ್ಲಿದೆ. ಅಂತಹ ಮನೆಗಳಲ್ಲಿ ಕೆಲವೊಮ್ಮೆ ಹಳೆಯ ಕಾಲದ ಉಡುಗೆಗಳ ಪ್ರದರ್ಶನ ಏರ್ಪಡುವುದುಂಟು. ಸ್ತ್ರೀಪುರುಷರು ಗತಕಾಲದ ವೇಷಭೂಷಣಗಳನ್ನು ಧರಿಸಿ ನೋಟಕರ ಮುಂದೆ ನಡೆದುಹೋಗುತ್ತಾರೆ. ಬಲ್ಲವರೊಬ್ಬರು ಒಂದೊಂದು ಉಡುಪಿನ ಚರಿತ್ರೆಯನ್ನು ವಿವರಿಸುತ್ತಾರೆ. ಅವರು ತೊಡುವುದು ಸಾಮಾನ್ಯವಾಗಿ ಹಳೆಯ ಮಾದರಿಯಲ್ಲಿ ಹೊಸದಾಗಿ ಹೊಲಿದ ಬಟ್ಟೆಗಳನ್ನು. ನೂರಾರು ವರ್ಷಗಳ ರೇಷ್ಮೆ ಮೈಯ ಬೆವರನ್ನೂ ಪ್ರಖರವಾದ ಬೆಳಕನ್ನೂ ತಾಳಲಾರದು. ಆದುದರಿಂದ ಮೂಲ ವಸ್ತ್ರಗಳನ್ನು ಮಂದಪ್ರಕಾಶದಲ್ಲಿ ಜೋಪಾನವಾಗಿ ಇರಿಸಿರುತ್ತಾರೆ.

ಇಂತಹ ಪ್ರದರ್ಶನಕ್ಕೆ ಹೋದವರು ಬಣ್ಣಕ್ಕೂ ಜರಿಗೂ ಮಾರುಹೋಗುವುದು ಸಹಜ. ಆದರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಈ ಉಡುಗೆಯನ್ನು ತೊಟ್ಟವರು ಎಲ್ಲಿಯವರೆಗೆ ನಡೆಯಬಹುದಾಗಿತ್ತು? ಅಂಗಳದವರೆಗೋ, ಹೊಸ್ತಿಲವರೆಗೋ, ಬೀದಿಯವರೆಗೋ?

ಕೋಲ್ಕತ್ತದ ಜೋರಾಸಾಂಕೊ ಬಡಾವಣೆಯಲ್ಲಿರುವ ಠಾಕೂರರ ಮನೆ ಈ ಪ್ರಶ್ನೆಗೆ ಉತ್ತರ ಹೇಳಬಲ್ಲದು. ರವೀಂದ್ರನಾಥ ಠಾಕೂರರು 1861ರಲ್ಲಿ ಜನಿಸಿ, 1941ರಲ್ಲಿ ಕೊನೆಯುಸಿರೆಳೆದ ಈ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಇಲ್ಲಿನ ಸ್ತ್ರೀಯರು ಅಂತಃಪುರವನ್ನು ಬಿಟ್ಟು ಹೊರಬರುತ್ತಿರಲಿಲ್ಲ. ಅವರು ಉಡುತ್ತಿದ್ದುದು ಒಂದೇ ಸೀರೆ; ಅದರೊಡನೆ ರವಿಕೆಯಾಗಲಿ ಒಳಲಂಗವಾಗಲಿ ಇರಲಿಲ್ಲ. ಪರರ ಮುಂದೆ ನಿಲ್ಲಲು ಅಂತಹ ಉಡುಗೆ ತಕ್ಕುದಲ್ಲವೆಂದು ಬಗೆಯಲಾಗಿತ್ತು. ಹೀಗೆ ಉಡುಗೆಯೂ ಒಂದು ಗೋಡೆಯಾಗಿತ್ತು.

1850ರಲ್ಲಿ ಜನಿಸಿದ ಜ್ಞಾನದಾನಂದಿನಿ ದೇವಿ ಬಾಲವಧುವಾಗಿ ಈ ಮನೆಗೆ ಬಂದರು. ಅವರ ಪತಿ ಸತ್ಯೇಂದ್ರನಾಥರು ರವೀಂದ್ರನಾಥರ ಅಣ್ಣಂದಿರಲ್ಲೊಬ್ಬರು. ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದ ಮೊದಲ ಭಾರತೀಯರು. ಮುಂದೆ ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದವರು. 1864ರಲ್ಲಿ ಅವರಿಗೆ ಮುಂಬಯಿ ಪ್ರಾಂತದಲ್ಲಿ ಹುದ್ದೆ ದೊರೆತಾಗ, ಪತ್ನಿಯನ್ನೂ ಜೊತೆಗೆ ಕರೆದೊಯ್ಯಲು ನಿಶ್ಚಯಿಸಿದರು. ಆದರೆ ಆಕೆ ಧರಿಸುವುದೇನನ್ನು? ಫ್ರೆಂಚ್ ದರ್ಜಿಯೊಬ್ಬರಿಂದ ಒಂದು ಉಡುಪನ್ನು ಸಿದ್ಧಪಡಿಸಲಾಯಿತು. ಆ ಉಡುಪು ಎಷ್ಟು ತೊಡಕಿನದಾಗಿತ್ತೆಂದರೆ, ಅದನ್ನು ಪರರ ಸಹಾಯವಿಲ್ಲದೆ ತೊಡುವುದೇ ಸಾಧ್ಯವಿರಲಿಲ್ಲ. ಸೊಸೆ ಹೊರಾಂಗಣದಲ್ಲಿ ನಡೆದು ಗಾಡಿಯೇರುವುದಕ್ಕೆ ಮಾವನವರು ಒಪ್ಪಲಿಲ್ಲ. ಮುಚ್ಚಿದ ಪಲ್ಲಕ್ಕಿಯಲ್ಲಿಯೇ ಹಡಗಿನವರೆಗೆ ಕಳುಹಿಸಿದರು.

ಮುಂಬಯಿಯಲ್ಲಿ ಪಾರಸಿ ಮಹಿಳೆಯರು ಸೀರೆಯುಟ್ಟು ನಿಸ್ಸಂಕೋಚವಾಗಿ ಓಡಾಡುತ್ತಿದ್ದುದನ್ನು ಅವರು ಕಂಡರು. ಅವರ ಕ್ರಮವನ್ನು ಕಲಿತು, ಸ್ವಲ್ಪ ಮಾರ್ಪಡಿಸಿದರು. ರವಿಕೆ, ಒಳಲಂಗಗಳೊಡನೆ ಸೀರೆಯುಟ್ಟು, ಸೆರಗನ್ನು ಎಡಭುಜದ ಮೇಲೆ ಹೊದ್ದರು. ಬಲಗೈ ಕೆಲಸಕ್ಕೆ ಬಿಡುವಾಯಿತು. ಎರಡು ವರ್ಷಗಳ ತರುವಾಯ ಊರಿಗೆ ಮರಳಿ, ಎಲ್ಲರೆದುರು ಮನೆಬಾಗಿಲಲ್ಲಿ ಗಾಡಿಯಿಂದ ಇಳಿದಾಗ, ಮನೆಮಂದಿ ಕಣ್ಣೀರಿಟ್ಟರೆಂದು ಹೇಳುತ್ತಾರೆ. ಆದರೂ ಅವರು ಹಿಂಜರಿಯಲಿಲ್ಲ. ಆಸಕ್ತರಿಗೆ ಈ ಉಡುವಿಕೆಯನ್ನು ಕಲಿಸಿಕೊಟ್ಟರು. ಬ್ರಾಹ್ಮಸಮಾಜದ ಸ್ತ್ರೀಯರು ಇದನ್ನು ಮೆಚ್ಚಿ ಅನುಸರಿಸಿದುದರಿಂದ ಇದಕ್ಕೆ ‘ಬ್ರಾಹ್ಮಿಕಾ ಸೀರೆ’ ಎಂಬ ಹೆಸರು ಬಂದಿತು. 1877ರಲ್ಲಿ ಅವರು ಪತಿಯ ಜೊತೆಯಿಲ್ಲದೆ, ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಪ್ರಯಾಣ ಮಾಡಿದರು. ಒಮ್ಮೆ ಅಂಗಳವನ್ನು ದಾಟಲೂ ಅನುಮತಿಯಿಲ್ಲದಿದ್ದವರು ಸಾಗರವನ್ನೇ ದಾಟಿದರು.

ಹಳೆಯ ಮನೆಯ ಪ್ರದರ್ಶನದಲ್ಲಿ ಇಂತಹ ಸೀರೆಯುಟ್ಟ ತರುಣಿಯೊಬ್ಬಳು ನಡೆದುಬಂದರೆ, ನೋಟಕರಿಗೆ ಅದರಲ್ಲಿ ವಿಶೇಷವೇನೂ ತೋರಲಿಕ್ಕಿಲ್ಲ. ತಮ್ಮ ತಾಯಂದಿರೂ ಹೆಚ್ಚುಕಡಿಮೆ ಹಾಗೆಯೇ ಉಡುತ್ತಾರಲ್ಲ ಎನಿಸಬಹುದು. ಇಂದು ಅಷ್ಟು ಸಾಮಾನ್ಯವಾಗಿ ಕಾಣುವ ಉಡುಗೆಗಾಗಿ ಅಂದು ಒಬ್ಬ ಹೆಣ್ಣುಮಗಳು ತನ್ನವರ ಕಣ್ಣೀರನ್ನು ಎದುರಿಸಬೇಕಾಯಿತು.