ಯಂತ್ರ ನಿಂತಾಗ ವಿಮಾನ

ಒಂದೇ ಯಂತ್ರವುಳ್ಳ ಚಿಕ್ಕ ವಿಮಾನವು ಆಕಾಶದಲ್ಲಿರುವಾಗ ಆ ಯಂತ್ರವು ನಿಂತುಹೋದರೆ ಏನಾಗುವುದು? ಬಾವಿಗೆಸೆದ ಕಲ್ಲಿನಂತೆ ಕೆಳಗೆ ಬೀಳುವುದೆಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಹಾಗಾಗುವುದಿಲ್ಲ.

೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯನ್ನು ವಿಮಾನದಲ್ಲಿ ಮುಂಬಯಿಗೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು ಅದನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಭೂಪಟದಲ್ಲಿ ಬಳ್ಳಾರಿಯಿಂದ ಮದರಾಸಿಗೆ ಗೆರೆಯೆಳೆದು ನೋಡಿರಿ. ಅದು ನಮ್ಮ ಅನಂತಪುರದ ಸೀಮೆಯನ್ನೇ ಹಾಯುವುದು. ಆ ಪಸ್ ಮಾತ್ ವಿಮಾನಕ್ಕಿದ್ದುದು ಒಂದೇ ಯಂತ್ರ. ಅದು ನಿಂತರೆ ಕೆಳಗಿನ ಹೊಲವೇ ನಿಲ್ದಾಣ.

ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಗಳ ಸುತ್ತ ಹಾಯುವ ಗಾಳಿ. ಯಂತ್ರವು ಕೊಡುವುದು ವೇಗವನ್ನು. ಯಂತ್ರ ನಿಂತೊಡನೆ ಚಾಲಕನು ಮೂತಿಯನ್ನು ತುಸು ತಗ್ಗಿಸಬೇಕು. ಆಗ ವಿಮಾನವು, ಇಳಿಜಾರಿನಲ್ಲಿ ತುಳಿಯದೆ ಬಿಟ್ಟ ಬೈಸಿಕಲ್ಲಿನಂತೆ, ಎತ್ತರವನ್ನು ವ್ಯಯಮಾಡಿ ವೇಗವನ್ನು ಉಳಿಸಿಕೊಳ್ಳುವುದು. ಎತ್ತರದ ಆಸೆಯಿಂದ ಮೂತಿಯನ್ನು ಮೇಲೆತ್ತಿದರೋ, ವೇಗ ಕುಗ್ಗಿ ರೆಕ್ಕೆಯು ಗಾಳಿಯ ಹಿಡಿತವನ್ನು ಕಳೆದುಕೊಳ್ಳುವುದು. ಆಗಲೇ ವಿಮಾನವು ನಿಜವಾಗಿ ಬೀಳುವುದು.

ಸೆಸ್ನಾ ೧೭೨ ಎಂಬ ಚಿಕ್ಕ ವಿಮಾನವು ಯಂತ್ರ ನಿಂತ ಮೇಲೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ೯ ಅಡಿ ಮುಂದೆ ಸಾಗಬಲ್ಲದು. ಒಂದು ಲೆಕ್ಕ ಮಾಡೋಣ. ಮಡಕಶಿರದ ಮೇಲೆ ಎತ್ತರಮಾಪಕವು ೪,೦೦೦ ಅಡಿ ತೋರಿಸುತ್ತಿದೆ. ೯ರಿಂದ ಗುಣಿಸಿದರೆ ೩೬,೦೦೦ ಅಡಿ, ಅಂದರೆ ಸುಮಾರು ೧೧ ಕಿಲೋಮೀಟರು ಎನ್ನುವಿರಿ. ತಪ್ಪು! ಮಾಪಕವು ಹೇಳುವುದು ಸಮುದ್ರಮಟ್ಟದಿಂದ ಇರುವ ಎತ್ತರವನ್ನು; ಮಡಕಶಿರದ ನೆಲವೇ ಸುಮಾರು ೨,೨೦೦ ಅಡಿ ಮೇಲಿದೆ. ಉಳಿದುದು ೧,೮೦೦ ಅಡಿ. ದೊರೆಯುವುದು ೫ ಕಿಲೋಮೀಟರಿಗೂ ಕಡಿಮೆ. ರಾಯದುರ್ಗದ ನೆಲ ಇನ್ನೂ ೪೦೦ ಅಡಿಯಷ್ಟು ತಗ್ಗಿನಲ್ಲಿರುವುದರಿಂದ ಅಲ್ಲಿ ಮತ್ತೊಂದು ಕಿಲೋಮೀಟರು ಸಿಕ್ಕೀತು. ಪಾಠಶಾಲೆಯಲ್ಲಿ ಇಂಥ ತಪ್ಪಿಗೆ ಎರಡು ಅಂಕ ಹೋಗುವುದು, ಅಷ್ಟೆ.

ಆದುದರಿಂದ ಚಾಲಕನು ವೇಗವನ್ನು ಸರಿಪಡಿಸಿಕೊಂಡೊಡನೆ ಇಳಿಯುವ ನೆಲವನ್ನು ಆರಿಸಿಕೊಳ್ಳುವನು. ನಮ್ಮ ಸೀಮೆಯಲ್ಲಿ ಬಯಲಿಗೆ ಕೊರತೆಯಿಲ್ಲ. ಆದರೆ ಮೇಲಿನಿಂದ ಸಮವಾಗಿ ಕಂಡದ್ದರಲ್ಲಿ ಹತ್ತಿರ ಬಂದಾಗ ಬಂಡೆಗಳೂ ಬದುಗಳೂ ಏಳುವುವು. ವಿದ್ಯುತ್ತಂತಿಗಳಂತೂ ಕೊನೆಯ ಗಳಿಗೆಯವರೆಗೆ ಕಾಣಿಸವು. ಕಂಬಗಳ ಸಾಲನ್ನು ನೋಡಿ ಊಹಿಸಬೇಕು. ಕಡಲೆಕಾಯಿಯಂತಹ ತಗ್ಗುಪೈರಿನ ಹೊಲವಾದರೆ ಸಾಲುಗಳ ಉದ್ದಕ್ಕೆ, ಸಾಧ್ಯವಾದಷ್ಟು ಗಾಳಿಗೆದುರಾಗಿ ಇಳಿಯುವುದು ಲೇಸು. ಎದುರುಗಾಳಿಯಲ್ಲಿ ನೆಲ ಮುಟ್ಟುವ ವೇಗ ಕಡಿಮೆ. ಗಾಳಿಯ ದಿಕ್ಕನ್ನು ಒಲೆಯ ಹೊಗೆಯೂ ಕೆರೆಯ ಅಲೆಯೂ ತಿಳಿಸುವುವು.

ಯಂತ್ರದ ವಿಚಾರ ಅನಂತರದ್ದು. ಒಂದು ತೊಟ್ಟಿ ಬರಿದಾಗಿ ಇನ್ನೊಂದರಲ್ಲಿ ಪೆಟ್ರೋಲು ತುಂಬಿರುವುದುಂಟು. ತಿರುಪನ್ನು ಬದಲಿಸಿದರೆ ಯಂತ್ರವು ಮರಳಿ ಎಚ್ಚೆತ್ತೀತು. ಕಾರ್ಬ್ಯುರೇಟರಿನಲ್ಲಿ ಹಿಮ ಕಟ್ಟಿದ್ದರೆ ಬಿಸಿಗಾಳಿಯನ್ನು ಹಾಯಿಸಬೇಕು. ಹೊರಗೆ ಹಿತವಾದ ಹವೆಯಿರುವಾಗಲೂ ಒಳಗೆ ಹಿಮ ಕಟ್ಟುವುದೆಂಬುದು ನಮಗೂ ಅಚ್ಚರಿಯೇ. ಏನೂ ಫಲಿಸದಿದ್ದರೆ ರೇಡಿಯೋದಲ್ಲಿ ‘ಮೇಡೇ’ ಎಂದು ಮೂರು ಬಾರಿ ಕೂಗಿ, ಬೆಂಕಿ ಹತ್ತದಂತೆ ಪೆಟ್ರೋಲನ್ನೂ ವಿದ್ಯುತ್ತನ್ನೂ ನಿಲ್ಲಿಸಿ, ಬಾಗಿಲು ಸಿಕ್ಕಿಕೊಳ್ಳದಂತೆ ಅಗುಳಿಯನ್ನು ಮೊದಲೇ ತೆಗೆದಿಡುವನು.

೨೦೨೩ರ ಮೇ ೩೦ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಎದ್ದ ತರಬೇತಿ ವಿಮಾನವೊಂದು ದೋಷವುಂಟಾಗಿ ಹೊನ್ನಿಹಾಳ ಗ್ರಾಮದ ಬಳಿ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಡನೆ ಪಾರಾದರು.