ಅರ್ಬುದ ರೋಗಕ್ಕೆ ವಿದ್ಯುತ್ ಚಿಕಿತ್ಸೆ: ಭಕ್ತರು ತಿಳಿಯಬೇಕಾದುದು

ಶಸ್ತ್ರಚಿಕಿತ್ಸೆಯಿಲ್ಲದೆ ಅಲ್ಪ ವಿದ್ಯುತ್ತಿನಿಂದಲೇ ಕ್ಯಾನ್ಸರ್ ಗಡ್ಡೆ ಕರಗುವುದೇ ಎಂದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಭಕ್ತರು ನಮ್ಮನ್ನು ಕೇಳುವುದುಂಟು.

ಸ್ವೀಡನ್ ದೇಶದ ಎಕ್ಸ್‌ರೇ ತಜ್ಞ ಬ್ಯೋರ್ನ್ ನೂರ್ಡನ್‌ಸ್ಟ್ರೋಮ್ ಅವರು ಶ್ವಾಸಕೋಶದ ಗಡ್ಡೆಗಳಿಗೆ ಸೂಜಿಯಂಥ ವಿದ್ಯುದಗ್ರಗಳನ್ನು ಚುಚ್ಚಿ, ಅಲ್ಪ ವೋಲ್ಟೇಜಿನ ನೇರ ವಿದ್ಯುತ್ತನ್ನು ಹರಿಸಿದರು. 1983ರಲ್ಲಿ ಈ ಕುರಿತು ಗ್ರಂಥವನ್ನೂ ಪ್ರಕಟಿಸಿದರು. ಧನಾಗ್ರದ ಸುತ್ತ ಆಮ್ಲವೂ ಋಣಾಗ್ರದ ಸುತ್ತ ಕ್ಷಾರವೂ ಉಂಟಾಗಿ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಆದರೆ ಆ ಆಮ್ಲ, ಕ್ಷಾರಗಳು ರೋಗದ ಕೋಶ, ಆರೋಗ್ಯದ ಕೋಶ ಎಂಬ ಭೇದವನ್ನು ಎಣಿಸವು. ದೂರಕ್ಕೆ ಹರಡಿದ ರೋಗವನ್ನು ಮುಟ್ಟವು. ಆದುದರಿಂದ ಈ ವಿಧಾನವು ಇಂದಿಗೂ ಪ್ರಯೋಗದ ಹಂತವನ್ನು ದಾಟಿಲ್ಲ.

ಇನ್ನೊಂದು ವಿಧಾನದಲ್ಲಿ ತಲೆಗೆ ಪಟ್ಟಿಗಳನ್ನು ಅಂಟಿಸಿ, ವಿದ್ಯುತ್ ಕ್ಷೇತ್ರದಿಂದ ಕೋಶವಿಭಜನೆಗೆ ಅಡ್ಡಿಪಡಿಸುತ್ತಾರೆ. ಗ್ಲಿಯೊಬ್ಲಾಸ್ಟೋಮ ಎಂಬ ಮಿದುಳಿನ ಗಡ್ಡೆ ಮರುಕಳಿಸಿದಾಗ ಇದನ್ನು ಬಳಸಲು ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. ಇದೂ ರೋಗವನ್ನು ನಿರ್ಮೂಲಗೊಳಿಸುವಂಥದಲ್ಲ.

ನಮ್ಮ ಆತಂಕವು ಕಾಲಹರಣದ್ದು. ಯಂತ್ರವೊಂದನ್ನು ತೋರಿಸಿ ಭರವಸೆ ಕೊಡುವವರ ಬಳಿ ಕಳೆದ ತಿಂಗಳುಗಳು ಹಿಂದಿರುಗಿ ಬಾರವು. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡೊಡನೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು; ವೈದ್ಯರು ಸೂಚಿಸಿದರೆ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ತಡಮಾಡದೆ ತೆರಳಬೇಕು. ಯಾರಾದರೂ ವಿದ್ಯುತ್ ಚಿಕಿತ್ಸೆಯನ್ನು ಹೇಳಿದರೆ, ಮೊದಲು ಕ್ಯಾನ್ಸರ್ ತಜ್ಞರನ್ನು ಕೇಳಬೇಕು.

ಶರಣರು ದೇಹವನ್ನೇ ದೇಗುಲವೆಂದು ಕಂಡರು. ಇಷ್ಟಲಿಂಗ ಪೂಜೆಯ ಮನಶ್ಶಾಂತಿಯು ಚಿಕಿತ್ಸೆಗೆ ಬೆಂಬಲವಾಗಲಿ. ಚಿಕಿತ್ಸೆಯನ್ನು ಮುಂದೂಡಲು ನೆಪವಾಗದಿರಲಿ.