ಬೆಲೆಗೆ ತೆರಿಗೆ ಕೂಡಿಸು ಎಂದು ಯಂತ್ರಕ್ಕೆ ಹೇಳುವುದು ಹೇಗೆ?

ಪ್ರೋಗ್ರಾಮಿಂಗ್ ಕಲಿಯಲು ಬರುವವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ: ಇಷ್ಟೊಂದು ಭಾಷೆಗಳು ಯಾಕೆ ಬೇಕು? ಒಂದು ಸಣ್ಣ ಲೆಕ್ಕ ಹಿಡಿದು ಹೊರಟರೆ ಉತ್ತರ ತಾನಾಗಿ ಸಿಗುತ್ತದೆ. ಬೆಲೆಗೆ ತೆರಿಗೆ ಕೂಡಿಸಿ ಬಂದ ಮೊತ್ತವನ್ನು ಬರೆದಿಡಬೇಕು. ಇಷ್ಟೇ ಕೆಲಸ.

1949ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಸಾಕ್ ಎಂಬ ಕಂಪ್ಯೂಟರ್ ಕೆಲಸ ಶುರುಮಾಡಿತು. ಅದರ ಮೆಮೊರಿಯ ಪ್ರತಿಯೊಂದು ಜಾಗಕ್ಕೂ ಒಂದು ನಂಬರ್. 50ನೇ ಜಾಗದಲ್ಲಿ ಬೆಲೆ, 51ರಲ್ಲಿ ತೆರಿಗೆ ಇದೆ ಎಂದುಕೊಳ್ಳಿ. ಆಗ ಬರೆಯಬೇಕಾದದ್ದು ಮೂರು ಆದೇಶ: ಎ 50, ಎ 51, ಟಿ 52. 'ಎ' ಎಂದರೆ ಕೂಡು, 'ಟಿ' ಎಂದರೆ ಬಂದ ಮೊತ್ತವನ್ನು ಆ ಜಾಗಕ್ಕೆ ಸಾಗಿಸು. ಯಂತ್ರಕ್ಕೆ ನಿಜವಾಗಿ ತಿಳಿಯುವುದು ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ. ಈ ಅಕ್ಷರಗಳನ್ನು ಅಂಥ ಸಾಲುಗಳಾಗಿ ಬದಲಿಸುವ ಕೆಲಸವನ್ನು ಡೇವಿಡ್ ವೀಲರ್ ಎಂಬ ಯುವಕ ಬರೆದ ಕೇವಲ 31 ಆದೇಶಗಳ ಪುಟ್ಟ ಪ್ರೋಗ್ರಾಂ ಮಾಡುತ್ತಿತ್ತು. ಅನುವಾದದ ಹೊರೆಯನ್ನು ಯಂತ್ರದ ಹೆಗಲಿಗೇ ದಾಟಿಸುವ ಕೆಲಸಕ್ಕೆ ಅಲ್ಲಿ ಚಾಲನೆ ಸಿಕ್ಕಿತು. ಭಾಷೆಗಳ ಇಡೀ ಇತಿಹಾಸವನ್ನು ನಾನು ಓದುವುದೇ ಹೀಗೆ.

ಆದರೆ ಒಂದು ತೊಡಕು ಉಳಿಯಿತು. ಪ್ರೋಗ್ರಾಮಿನ ನಡುವೆ ಒಂದು ಆದೇಶ ಬಿಟ್ಟುಹೋಗಿದೆ ಎಂದು ಆಮೇಲೆ ಗೊತ್ತಾದರೆ? ಅದನ್ನು ತೂರಿಸಿದ ಕೂಡಲೇ ಕೆಳಗಿನವೆಲ್ಲ ಒಂದೊಂದು ಜಾಗ ಸರಿಯುತ್ತವೆ. ಬೀದಿಯ ನಡುವೆ ಹೊಸ ಮನೆ ಎದ್ದು, ಮುಂದಿನ ಎಲ್ಲ ಮನೆಗಳ ನಂಬರ್ ಬದಲಾದ ಹಾಗೆ. '20ನೇ ಆದೇಶಕ್ಕೆ ಹೋಗು' ಎಂದು ಬರೆದ ಕಡೆಯೆಲ್ಲ '21' ಎಂದು ತಿದ್ದಬೇಕು. ಜಾಗಕ್ಕೆ ನಂಬರಿನ ಬದಲು ಹೆಸರು ಕೊಡುವ ಅಸೆಂಬ್ಲಿ ಭಾಷೆಗಳು ಬಂದ ಮೇಲೆ ಈ ಕಾಟ ತಪ್ಪಿತು. ಆದರೂ ಯಂತ್ರದ ಒಂದೊಂದು ಹೆಜ್ಜೆಗೂ ಒಂದೊಂದು ಸಾಲು ಬರೆಯುವುದು ತಪ್ಪಲಿಲ್ಲ. ಯಂತ್ರ ಬದಲಾದರೆ ಮತ್ತೆ ಮೊದಲಿಂದ ಬರೆಯಬೇಕಿತ್ತು.

ಇಲ್ಲಿಗೆ ಬರುತ್ತಾರೆ ಐಬಿಎಂನ ಜಾನ್ ಬ್ಯಾಕಸ್. ಕಂಪ್ಯೂಟರಿಗೆ ತಗಲುವಷ್ಟೇ ಖರ್ಚು ಪ್ರೋಗ್ರಾಮರ್‌ಗಳಿಗೂ ತಗಲುತ್ತಿದೆ ಎಂಬುದು ಅವರ ಲೆಕ್ಕ. ಗಣಿತದ ಸೂತ್ರವನ್ನು ಇದ್ದ ಹಾಗೇ ಬರೆದುಕೊಟ್ಟರೆ ಯಂತ್ರವೇ ಅದನ್ನು ಆದೇಶಗಳಾಗಿ ಬಿಡಿಸಿಕೊಳ್ಳಲಿ ಎಂದು 1953ರ ಕೊನೆಗೆ ಅವರು ಪ್ರಸ್ತಾಪ ಮುಂದಿಟ್ಟರು. ಅನುಭವಿಗಳು ನಂಬಲಿಲ್ಲ. ಕೈಯಲ್ಲಿ ಬರೆದ ಪ್ರೋಗ್ರಾಮಿನಷ್ಟು ವೇಗ ಯಂತ್ರ ಬರೆದದ್ದಕ್ಕೆ ಎಲ್ಲಿಂದ ಬರಬೇಕು ಎಂಬುದು ಅವರ ವಾದ. ಅದು ಬರೀ ಹಟವಾಗಿರಲಿಲ್ಲ, ಆಗ ಕಂಪ್ಯೂಟರಿನ ಪ್ರತಿ ನಿಮಿಷಕ್ಕೂ ಬೆಲೆಯಿತ್ತು. ಬ್ಯಾಕಸ್ ತಂಡ ಅದಕ್ಕೇ ಭಾಷೆಯ ಅಂದಚೆಂದಕ್ಕಿಂತ ಕಂಪೈಲರ್‌ನ, ಅಂದರೆ ಅನುವಾದ ಮಾಡುವ ಪ್ರೋಗ್ರಾಮಿನ, ಜಾಣ್ಮೆಗೆ ಹೆಚ್ಚು ಬೆವರು ಹರಿಸಿತು. 1957ರಲ್ಲಿ ಫೋರ್ಟ್ರಾನ್ ಎಂಬ ಆ ಭಾಷೆ ಗ್ರಾಹಕರ ಕೈ ಸೇರಿತು. ಕಂಪೈಲರ್ ಆದೇಶಗಳನ್ನು ಹೊಂದಿಸುತ್ತಿದ್ದ ರೀತಿ ಕಂಡು ಅದನ್ನು ಕಟ್ಟಿದವರೇ ಬೆರಗಾದದ್ದುಂಟು. ನಮ್ಮ ಲೆಕ್ಕ ಈಗ ಒಂದೇ ಸಾಲು: ಟೋಟಲ್ = ಪ್ರೈಸ್ + ಟ್ಯಾಕ್ಸ್. ಈ ಕಥೆಯಲ್ಲಿ ಒಂದೇ ಒಂದು ಘಟನೆಯನ್ನು ನೆನಪಿಡುವುದಾದರೆ ಫೋರ್ಟ್ರಾನ್ ಗೆದ್ದದ್ದನ್ನು ನೆನಪಿಡಿ. ಅದು ಗೆಲ್ಲದೆ ಹೋಗಿದ್ದರೆ ಮುಂದಿನ ಭಾಷೆಗಳಿಗೆ ದುಡ್ಡು ಹಾಕಲು ಯಾರೂ ಮುಂದಾಗುತ್ತಿರಲಿಲ್ಲ.

ಸೂತ್ರ ವಿಜ್ಞಾನಿಗಳಿಗೆ ಸರಿ, ಸಂಬಳದ ಪಟ್ಟಿ ಮಾಡುವವರಿಗೆ? ಅವರಿಗೆ ಮಾತಿನ ಹಾಗಿರುವ ಭಾಷೆ ಬೇಕೆಂದು ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಪಟ್ಟುಹಿಡಿದಿದ್ದರು. ಅವರ ಫ್ಲೋ-ಮ್ಯಾಟಿಕ್ ಭಾಷೆಯಿಂದ ಬಹಳಷ್ಟನ್ನು ಪಡೆದುಕೊಂಡು 1960ರ ಹೊತ್ತಿಗೆ ರೂಪುಗೊಂಡದ್ದು ಕೋಬಾಲ್. ಅದರಲ್ಲಿ ನಮ್ಮ ಲೆಕ್ಕ: ಆ್ಯಡ್ ಟ್ಯಾಕ್ಸ್ ಟು ಪ್ರೈಸ್ ಗಿವಿಂಗ್ ಟೋಟಲ್. ಬ್ಯಾಂಕು, ವಿಮಾ ಕಂಪನಿಗಳು ಇದನ್ನು ಅಪ್ಪಿಕೊಂಡವು. ಮೆಮೊರಿಯ ಜಾಗ ಉಳಿಸಲು ಅವುಗಳ ಎಷ್ಟೋ ಪ್ರೋಗ್ರಾಮುಗಳಲ್ಲಿ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಇಟ್ಟಿದ್ದರು. 2000 ಹತ್ತಿರವಾದಂತೆ '00' ಎಂದರೆ 1900 ಎಂದು ಯಂತ್ರ ತಿಳಿದೀತೆಂಬ ಭಯ ಹುಟ್ಟಿತು. ವಿದೇಶಗಳ ಆ ಹಳೆಯ ಕೋಬಾಲ್ ಸಾಲುಗಳನ್ನು ತಿದ್ದುವ ಕೆಲಸ 1990ರ ದಶಕದ ಕೊನೆಗೆ ಬೆಂಗಳೂರಿನ ಕಂಪನಿಗಳಿಗೂ ಬಂತು, ನಮ್ಮ ಐಟಿ ಉದ್ಯಮದ ಬೆಳವಣಿಗೆಗೆ ಅದೂ ಒಂದು ಮೆಟ್ಟಿಲು.

1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಮೇಷ್ಟ್ರುಗಳು ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಕಂಪ್ಯೂಟರ್ ದಕ್ಕಬೇಕೆಂದು ಬೇಸಿಕ್ ಭಾಷೆ ಕೊಟ್ಟರು. ಅದರಲ್ಲಿ ಸಾಲುಗಳಿಗೆ 10, 20, 30 ಎಂದು ನಂಬರ್ ಹಾಕುವುದು ರೂಢಿಯಾಗಿತ್ತು, ನಡುವೆ ಏನಾದರೂ ಸೇರಿಸಬೇಕಾದರೆ 15 ಖಾಲಿ ಇರಲಿ ಎಂದು. ಬೇಸಿಕ್‌ನಿಂದ ಕೆಟ್ಟ ಅಭ್ಯಾಸ ಅಂಟುತ್ತದೆ ಎಂದು ಡೈಕ್‌ಸ್ಟ್ರಾರಂಥ ದೊಡ್ಡ ಕಂಪ್ಯೂಟರ್ ವಿಜ್ಞಾನಿಗಳು ಕಟುವಾಗಿ ಬರೆದಿದ್ದಾರೆ. ಅಭ್ಯಾಸವನ್ನು ಆಮೇಲೆ ತಿದ್ದಬಹುದು, ಹೊಸಬರು ಬಾಗಿಲಲ್ಲೇ ಹೆದರಿ ಹಿಂದಿರುಗಿದರೆ ತಿದ್ದುವುದು ಯಾರನ್ನು? ನಾನು ಆ ಇಬ್ಬರು ಮೇಷ್ಟ್ರ ಪರ.

ಯಂತ್ರ ಬದಲಾದರೆ ಮತ್ತೆ ಮೊದಲಿಂದ ಬರೆಯಬೇಕೆಂಬ ಹಳೆಯ ತೊಡಕು ನೆನಪಿದೆಯಲ್ಲ? ಸಿ ಭಾಷೆಯನ್ನು 1970ರ ದಶಕದ ಮೊದಲಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದರು. 1973ರಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅನ್ನೇ ಅದರಲ್ಲಿ ಮತ್ತೆ ಬರೆದದ್ದರಿಂದ, ಪೂರ್ತಿ ಹೊಸದಾಗಿ ಬರೆಯದೆಯೇ ಅದು ಹೊಸ ಯಂತ್ರಕ್ಕೆ ಸಾಗುವುದು ಸಾಧ್ಯವಾಯಿತು.

ನಿಮ್ಮಲ್ಲಿ ಹೆಚ್ಚಿನವರು ಶುರುಮಾಡುವುದು ಪೈಥಾನ್‌ನಿಂದ. ನೆದರ್ಲೆಂಡ್ಸ್‌ನ ಗೀಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಭಾಷೆ ಅದು. ನಮ್ಮ ಸಾಲು ಅದರಲ್ಲೂ ಹೆಚ್ಚುಕಡಿಮೆ ಫೋರ್ಟ್ರಾನ್‌ನಲ್ಲಿದ್ದ ಹಾಗೇ ಇದೆ. ನೀವು ಬರೆದ ಸಾಲನ್ನು ಓದಿ ನಡೆಸುವ ಪೈಥಾನ್ ಇಂಟರ್‌ಪ್ರಿಟರ್, ಸಾಮಾನ್ಯವಾಗಿ ಎಲ್ಲರೂ ಬಳಸುವಂಥದ್ದು, ಸಿ ಭಾಷೆಯಲ್ಲಿದೆ. ನಾಳೆ ನೀವು ನಮ್‌ಪೈ ಎಂಬ ಗಣಿತದ ಲೈಬ್ರರಿಯಲ್ಲಿ ಸಮೀಕರಣಗಳನ್ನು ಬಿಡಿಸಲು ಹೊರಟರೆ ಆ ಕೆಲಸ ಲ್ಯಾಪ್ಯಾಕ್ ಎಂಬ ಸಂಗ್ರಹದ ವಿಧಾನಗಳಿಗೆ ಹೋಗುತ್ತದೆ. ಲ್ಯಾಪ್ಯಾಕ್ ಬರೆದದ್ದು ಫೋರ್ಟ್ರಾನ್‌ನಲ್ಲಿ.